ಎರಡು ತುಂಡು ನಿದ್ದೆ

ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗುತ್ತಿರಲಿಲ್ಲ. ಹಾಲಿನ ಪಾತ್ರೆಯನ್ನು ಎರಡೂ ಅಂಗೈ ಮಧ್ಯೆ ಹಿಡಿದು ಎತ್ತುತ್ತಿದ್ದೆ. ಒಂಬತ್ತು ಗಂಟೆ ಹೊತ್ತಿಗೆ ಕೈ ಸಡಿಲವಾಗುತ್ತಿತ್ತು, ಆಮೇಲೆ ಕೆಲಸದಲ್ಲಿ ಮರೆತೇಹೋಗುತ್ತಿತ್ತು. ಹೀಗೇ ಒಂದು ವರ್ಷ ತಳ್ಳಿದೆ.

ಹುತ್ತೂರು ಕಡೆಯ ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಹುಳು ದೊಡ್ಡದಾದ ಮೇಲೆ ರಾತ್ರಿ ಹನ್ನೊಂದಕ್ಕೊಂದು ಸಲ, ಜಾವ ಮೂರೂವರೆಗೊಂದು ಸಲ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಮದುವೆಯಾದ ವರ್ಷದಿಂದ ಆ ಎರಡೂ ಹೊತ್ತು ನನ್ನವು. ಯಾರೂ ಕೂತು ಹಂಚಿದ್ದಲ್ಲ. ಅತ್ತೆಗೆ ಮಂಡಿ ನೋವು, ನನ್ನ ಗಂಡ ಹಗಲೆಲ್ಲ ತೋಟದಲ್ಲಿ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗೋ ನಡುವಿನ ದಿನಗಳಲ್ಲೂ ಮೂರೂವರೆಗೆ ತಾನಾಗಿ ಎಚ್ಚರವಾಗುತ್ತಿತ್ತು.

ಕೋಲಾರದ ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿಗೆ ಕಾಯುತ್ತಾ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದೆ. ಯಾರೋ ಭುಜ ಹಿಡಿದು ಅಲ್ಲಾಡಿಸಿದರು. "ಏನಮ್ಮಾ, ತಲೆ ಸುತ್ತು ಬಂತಾ?" ನಾಲ್ಕು ಜನ ಸುತ್ತ ನಿಂತಿದ್ದರು, ಒಬ್ಬರ ಕೈಯಲ್ಲಿ ನೀರಿನ ಬಾಟ್ಲಿ. ನನಗೆ ಏನೂ ಆಗಿರಲಿಲ್ಲ, ನಿದ್ದೆ ಹತ್ತಿತ್ತು ಅಷ್ಟೆ.

"ಸಂಧಿವಾತದ ಟೆಸ್ಟಲ್ಲಿ ಏನೂ ಸಿಕ್ಕಿಲ್ಲ," ಅಂದರು ಡಾಕ್ಟರಮ್ಮ. "ಆದ್ರೆ ಮೈಯಲ್ಲಿ ಉರಿಯೂತ ಜಾಸ್ತಿ ಇದೆ. ನಿದ್ದೆ ಎಷ್ಟು ಗಂಟೆ ಮಾಡ್ತೀರಿ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಗಾಯ ಆದ್ರೆ ಊದ್ಕೊಂಡು, ಕೆಂಪಾಗಿ, ಆಮೇಲೆ ಇಳಿಯುತ್ತಲ್ಲ, ಅದೇ ಉರಿಯೂತ. ಕೆಲಸ ಮುಗಿದ ಮೇಲೆ ಅದು ತಣ್ಣಗಾಗ್ಬೇಕು. ನಿದ್ದೆ ಹೀಗೆ ತುಂಡು ತುಂಡಾದ್ರೆ ಸರಿಯಾಗಿ ತಣ್ಣಗಾಗಲ್ಲ. ನೋವಿದ್ರೆ ನಿದ್ದೆ ಬರಲ್ಲ, ನಿದ್ದೆ ಇಲ್ದಿದ್ರೆ ನೋವು ಹೆಚ್ಚಾಗುತ್ತೆ. ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಮಾತ್ರೆನೂ ಕೊಡ್ತೀನಿ. ಆದ್ರೆ ಒಂದೇ ಸಮ ಆರೇಳು ಗಂಟೆ ಮಲಗ್ಬೇಕು."

"ಹುಳ ಬಿಟ್ಟು ಹೆಂಗೆ ಮಲಗ್ಲಿ ಮೇಡಂ?"

ಅವರು ಮಾತ್ರೆ ಚೀಟಿ ಬರೆದು ಕೈಗಿಟ್ಟರು.

ಮನೆಯಲ್ಲಿ ಹೇಳೋಕೆ ಮೂರು ದಿನ ಹಿಡಿಯಿತು. ಕಾಯಿಲೆಗೆ ಒಂದು ಹೆಸರಿದ್ದಿದ್ದರೆ ಹೇಳಬಹುದಿತ್ತು. ನಿದ್ದೆ ಬೇಕು ಅಂತ ಸೊಸೆ ಬಾಯಿಬಿಟ್ಟು ಕೇಳೋದು ಹೇಗೆ? ಕೇಳಿದಾಗ ಗಂಡ, "ಈ ಬೆಳೆ ಒಂದು ಮುಗೀಲಿ ಕಣೇ," ಅಂದರು. ಮೆತ್ತಗೇ ಅಂದರು. ಮನೆಯಲ್ಲಿ ಏನು ಕೇಳಿದರೂ ಪ್ರತಿ ಬೆಳೆಯೂ ಆ ಒಂದು ಬೆಳೆಯೇ ಆಗಿತ್ತು.

ಹುಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ತಲೆ ಎತ್ತಿಕೊಂಡು, ಅಲ್ಲಾಡದೆ ನಿದ್ದೆ ಮಾಡುತ್ತವೆ. ಅದನ್ನೇ ಜ್ವರ ಅನ್ನುತ್ತೇವೆ. ಆಗ ಹುಳುಮನೆಯಲ್ಲಿ ಜೋರಾಗಿ ಮಾತಾಡಲೂ ಅತ್ತೆ ಬಿಡುತ್ತಿರಲಿಲ್ಲ. ಅವುಗಳ ಮುಂದೆ ನಿಂತಾಗ ನನಗೆ ಅಳು ಬಂತು. ಮರುದಿನ ಗೌನಿಪಲ್ಲಿ ಹತ್ತಿರದ ತವರಿಗೆ ಬಸ್ಸು ಹತ್ತಿದೆ.

"ಏಮೇ, ಹುಳ ಬಿಟ್ಟು ಬಂದ್ಬಿಟ್ಯಾ?" ಒಳಗೆ ಕರೆಯೋ ಮುಂಚೆಯೇ ಅಮ್ಮ ಕೇಳಿದಳು.

ಐದು ದಿನ ಇದ್ದೆ. ಯಾರೂ ಎಬ್ಬಿಸಲಿಲ್ಲ, ಆದರೂ ಮೂರೂವರೆಗೆ ಕಣ್ಣು ತೆರೆಯುತ್ತಿತ್ತು, ಕೈ ಕತ್ತಲಲ್ಲಿ ಸೊಪ್ಪಿನ ಕುಕ್ಕೆ ಹುಡುಕುತ್ತಿತ್ತು. ಅಷ್ಟು ದೂರ ಬಂದಿದ್ದರೂ ನಾನು ಹುಳುಮನೆಯಿಂದ ಹೊರಗೆ ಬಂದಿರಲಿಲ್ಲ. ನಾಲ್ಕನೇ ದಿನ ಮಾತ್ರ ಮುಖಕ್ಕೆ ಬಿಸಿಲು ಬಿದ್ದ ಮೇಲೆ ಎದ್ದೆ. ಅಮ್ಮ ಮಾವಿನ ಹಣ್ಣು ಹೆಚ್ಚಿ ಪಕ್ಕದಲ್ಲಿಟ್ಟು ಹೋಗಿದ್ದಳು.

ವಾಪಸ್ ಬಂದಾಗ ಅತ್ತೆ ಅಂಗಳದಲ್ಲಿ ಬಿಸಿನೀರಲ್ಲಿ ಕೈ ಅದ್ದಿ ಕೂತಿದ್ದರು. ಐದು ರಾತ್ರಿಯೂ ಸೊಪ್ಪು ಹಾಕಿದ್ದವರು ಅವರೇ. ಸೊಟ್ಟಗಾದ ಬೆರಳು ಮೇಲೆತ್ತಿ ತೋರಿಸಿದರು. "ನಂಗೂ ನಿನ್ ವಯಸ್ಸಲ್ಲೇ ಶುರುವಾಗಿದ್ದು. ನೀನು ಬಂದೆ ಅಂತ ನಾನು ತಪ್ಪಿಸ್ಕೊಂಡೆ. ಹೇಳ್ಬೇಕಿತ್ತು ನಿಂಗೆ."

ಕೋಪ ಬಂದಿತ್ತು. ಆದರೂ ಆ ಬೆರಳು ನೋಡಿ, ಒಳಗಿಂದ ಟವಲ್ ತಂದು ಕೈ ಒರೆಸಿದೆ. ಸಂಜೆ ಅವರೇ ಮಗನಿಗೆ, "ನಿದ್ದೆಗೆಡೋದು ನಮಗೇ ಬರ್ದಿದೆಯೇನ್ಲಾ?" ಅಂದರು.

ಈಗ ಹನ್ನೊಂದರ ಸೊಪ್ಪು ನಾನು ಹಾಕಿ ಮಲಗುತ್ತೇನೆ, ಜಾವದ್ದು ನನ್ನ ಗಂಡ ಹಾಕುತ್ತಾರೆ. ಎರಡನೇ ಪರೀಕ್ಷೆಯಲ್ಲಿ ಉರಿಯೂತ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅವರು ಎದ್ದು ಹೋದಾಗ ನನಗೂ ಎಚ್ಚರವಾಗುತ್ತದೆ. ಸೊಪ್ಪು ಸಮನಾಗಿ ಹರಡಿದರೋ ಇಲ್ಲವೋ ನೋಡಬೇಕು ಅನ್ನಿಸುತ್ತದೆ. ಏಳೋದಿಲ್ಲ. ಕೆಲವು ದಿನ ಹಾಗೇ ನಿದ್ದೆ ಬರುತ್ತದೆ, ಕೆಲವು ದಿನ ಬೆಳಕೇ ಹರಿಯುತ್ತದೆ.