ಬಂಗುಡೆಯ ಗಾಳಕ್ಕೆ ಎರಗಿದ ಗರುಡ

ದೋಣಿಯ ಹಿಂದೆ ಹೊಳೆಯುತ್ತ ಬರುತ್ತಿದ್ದ ನನ್ನ ಗಾಳದ ಮೇಲೆ ಗರುಡ ಎರಗಿತು. ಮರುಕ್ಷಣ ಕೈಯಲ್ಲಿದ್ದ ದಾರ ಆಕಾಶದ ಕಡೆಗೆ ಜಗ್ಗತೊಡಗಿತು.

ಘಟ್ಟದ ಮೇಲಿನ ಯಲ್ಲಾಪುರದ ನಾನು ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯಲು ಸ್ಟೀಲ್ ಚಮಚ ಬಡಿದು ಮಾಡಿಕೊಂಡಿದ್ದ ಗಾಳವದು. ಬಂಗುಡೆ ಮೀನಿಗೆಂದು ಅಂಕೋಲೆಯ ಕಡಲಿಗೆ ಒಯ್ಯುವ ಮುನ್ನ, ಉಪ್ಪುನೀರಿಗೆ ತುಕ್ಕು ಹಿಡಿಯದ ಕೊಕ್ಕೆ ಹಾಕಿದ್ದೆ. ಹಿಂಡಾಗಿ ಬರುವ ಬಂಗುಡೆಯನ್ನು ಬೇಗ ಬಿಡಿಸಲೆಂದು, ಕೊಕ್ಕೆಯ ತುದಿಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೆ. ಭಾರಕ್ಕೆ ಸೀಸದ ಗುಂಡು ಕಟ್ಟಬೇಕೆಂಬುದು ಮಾತ್ರ ಹೊಳೆದಿರಲಿಲ್ಲ. ಹಿನ್ನೀರಿನಲ್ಲಿ ಹುಟ್ಟು ಹಾಕುವ ದೋಣಿಯ ಹಿಂದೆ ಮುಳುಗಿ ಬರುತ್ತಿದ್ದ ಚಮಚ, ಮೋಟಾರು ದೋಣಿಯ ವೇಗಕ್ಕೆ ನೀರಿನ ಮೇಲೇ ಮೀನಿನಂತೆ ಕುಣಿಯುತ್ತಿತ್ತು.

ದೋಣಿ ನಡೆಸುತ್ತಿದ್ದ ಮಾದೇವಣ್ಣ ಇಂಜಿನ್ ಆರಿಸಿ ಕೈಮುಗಿದ. “ದೇವರ ಹಕ್ಕಿ ಸಾಹೇಬ್ರೇ! ಅದಕ್ಕೇನಾದ್ರೂ ಆದ್ರೆ ನಾ ಮತ್ತೆ ಈ ದೋಣಿ ಹತ್ತೂದಿಲ್ಲ.”

ನಾನು ಮೆಲ್ಲಗೆ ದಾರ ಎಳೆದು ಹಕ್ಕಿಯನ್ನು ಹತ್ತಿರ ತಂದೆ. ಮಾದೇವಣ್ಣ ಅದರ ತಲೆಗೆ ಟವೆಲ್ ಮುಚ್ಚಿ ಹಿಡಿದ. ಕೊಕ್ಕೆ ಕಾಲ್ಬೆರಳಿನ ಚರ್ಮ ಹೊಕ್ಕಿತ್ತು. ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಎಳೆದೆ. ಮುಳ್ಳಿಲ್ಲದ ಕೊಕ್ಕೆ ಸಲೀಸಾಗಿ ಜಾರಿ ಬಂತು. ಟವೆಲ್ ತೆಗೆದದ್ದೇ ತಡ, ಗರುಡ ಅದೇ ಕಾಲಿನಿಂದ ನನ್ನ ಮುಂಗೈ ಗೀರಿ ಹಾರಿತು. ಮಾದೇವಣ್ಣ ಕುಸಿದು ಕೂತು ನಕ್ಕುಬಿಟ್ಟ.

ಆಮೇಲೆ ಸೀಸ ಕಟ್ಟಿದೆವು, ಬಂಗುಡೆಯೂ ಸಿಕ್ಕಿತು. ಊರಿಗೆ ಮರಳುತ್ತ ಅರಬೈಲ್ ಘಟ್ಟ ಹತ್ತುವಾಗ ಸ್ಟಿಯರಿಂಗ್ ಹಿಡಿದ ಕೈ ಉರಿಯುತ್ತಿತ್ತು. ಇಷ್ಟು ಜೋರಾಗಿ ಗೀರಿದ ಕಾಲಿಗೆ ಏನೂ ಆಗಿರಲಾರದು ಎಂದು ಪ್ರತಿ ತಿರುವಿನಲ್ಲೂ ಆ ಉರಿಯೇ ನನಗೆ ಸಮಾಧಾನ ಹೇಳಿತು.