ಜಲಜಕ್ಕ ಎಳೆದ ಗೆರೆ

ತಲೆಯ ಮೇಲಿನ ಮೀನಿನ ಬುಟ್ಟಿಯನ್ನು ಜಲಜಕ್ಕ ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ. ಎರಡೂ ಕೈ ಅವಳ ಮಾತಿಗೆ ಬೇಕಿತ್ತು. ಬುಟ್ಟಿಯ ಸಂದಿಯಿಂದ ನೀರು ಹೆಗಲಿಗೆ ಇಳಿಯುತ್ತಿದ್ದರೂ, ಕಾಲೇಜಿಗೆ ಹೊರಟ ಹುಡುಗಿ ನನ್ನನ್ನು 'ಹೆಣೆ' ಎಂದು ಕರೆಯುತ್ತ, ಜೊತೆಗೆ ನಡೆಯುತ್ತ, ಕೈ ಬೀಸಿ ಬೀಸಿ ಊರಿನ ಭವಿಷ್ಯ ಹೇಳುತ್ತಿದ್ದಳು.

ಕುಂದಾಪುರ, ಬೈಂದೂರುಗಳ ನಡುವಿನ ನಮ್ಮ ಪೇಟೆಯನ್ನು ಹೆದ್ದಾರಿ ಎರಡು ಪಾಲು ಮಾಡಿದೆ. ಪಡುವಣಕ್ಕೆ ಕಡಲಕರೆಯ ಮನೆಗಳು, ಮೂಡಣಕ್ಕೆ ಮಾರ್ಕೆಟ್ಟು. ರೈಲು ಬಂದಾಗ ಪೇಟೆಯೇ ಸ್ಟೇಷನ್ನಿನ ಕಡೆಗೆ ಹೋಗುತ್ತದೆಂದು ದೊಡ್ಡವರೆಲ್ಲ ಅಲ್ಲಿ ಜಾಗ ಹಿಡಿದರು. ಜಲಜಕ್ಕನೂ ಬುಟ್ಟಿ ಒಯ್ದಳು. ಬೊಂಬಾಯಿಯಿಂದ ಬಂದವರು ಊರ ಮೀನಿಗೆ ಮುಗಿಬೀಳುತ್ತಾರೆಂದು ಅವಳ ಎಣಿಕೆ. ಎಂಟೇ ದಿನಕ್ಕೆ ಮರಳಿದಳು.

"ಇಳ್ದರಿಗೆ ಮನಿಗ್ ಹೋಪ್ದೇ ಅರ್ಜೆಂಟ್ ಹೆಣೆ. ಪೇಟೆ ಅಂದ್ರೆ ಜನ ನಿತ್ಕಂಬ್ ಜಾಗ," ಎಂದು ತನ್ನ ಎಣಿಕೆಗೆ ತಾನೇ ನಕ್ಕಳು.

ಆಮೇಲೆ ಚತುಷ್ಪಥದ ಕೆಲಸ ಬಂತು. ನಕ್ಷೆಯಲ್ಲಿ ಅಂಡರ್‌ಪಾಸ್ ಇದ್ದದ್ದು ಪೇಟೆಯಾಚೆ, ಪೆಟ್ರೋಲ್ ಬಂಕಿನ ಹತ್ತಿರ. ಹಾಗಾದರೆ ಬುಟ್ಟಿ ಹೊತ್ತ ಹೆಂಗಸರು ಒಂದು ಮೈಲಿ ಸುತ್ತಬೇಕು. ಎದುರಿಗೇ ಕಾಣುವ ಮಾರ್ಕೆಟ್ಟು ಬೇರೆ ಊರಾಗುತ್ತದೆ. ಅಳತೆಗೆ ಬಂದ ಇಂಜಿನಿಯರರನ್ನು ಜಲಜಕ್ಕ ತಡೆದಳು.

"ಹ್ವಾಯ್ ಇಂಜಿನಿಯರ್ರೇ, ಈ ಬುಟ್ಟಿ ಹೊತ್ಕಂಡ್ ಬಂಕಿನ್ ತನ್ಕ ಹೋಯ್ ಬನ್ನಿ ಕಾಂಬ."

ಅವರು ಘಟ್ಟದ ಮೇಲಿನವರು. "ನನಗೆ ಮೀನಿನ ವಾಸನೆ ಆಗುವುದಿಲ್ಲಮ್ಮ," ಎಂದು ನಕ್ಕರು.

"ಮೂಗ್ ಮುಚ್ಕಣಿ, ಕಣ್ಣಲ್ ಕಾಣಿ ಸಾಕ್." ಅವಳು ರಸ್ತೆಗೆ ಕೈ ತೋರಿಸಿದಳು. ಬುಟ್ಟಿಗಳಿಂದ ಸೋರಿದ ಉಪ್ಪು ನೀರು ಟಾರಿನ ಮೇಲೆ ಅಡ್ಡಲಾಗಿ ಬಿಳಿಚಿಕೊಂಡಿತ್ತು, ನಡುನಡುವೆ ಮೀನಿನ ಹುರುಪೆ ಮಿನುಗುತ್ತಿತ್ತು. "ಗೆರಿ ನಾವೂ ಎಳ್ದಿತ್ ಮರಾಯ್ರೆ. ನಿಮ್ಮ್ ಕಾಗ್ದಕ್ಕಿಂತ ಮೊದ್ಲೇ."

ಅವರು ಆ ಗೆರೆಯುದ್ದಕ್ಕೂ ನಡೆದು ಏನೋ ಬರೆದುಕೊಂಡರೆಂದು ನನ್ನ ನೆನಪು. ಆದರೆ ಆ ದಿನದ ಡೈರಿಯಲ್ಲಿ 'ಬೆಳಿಗ್ಗೆ ಜೋರು ಮಳೆ' ಎಂದು ನಾನೇ ಬರೆದಿದ್ದೇನೆ. ತೊಳೆದ ರಸ್ತೆಯಲ್ಲಿ ಗೆರೆ ಹೇಗೆ ಕಂಡಿತು? ಬೇರೆ ಯಾವುದೋ ದಿನ ಕಂಡದ್ದನ್ನು ಇಲ್ಲಿಗೆ ಅಂಟಿಸಿದೆನೇ? ಊರಿನಿಂದ ಅರ್ಜಿಯೂ ಹೋಗಿತ್ತು. ನಕ್ಷೆ ಬದಲಾದದ್ದು ಅದರಿಂದಲೇ ಇರಬಹುದು. ಖಚಿತವಾಗಿ ಹೇಳಬಲ್ಲದ್ದು ಒಂದೇ: ಅಂಡರ್‌ಪಾಸ್ ಬಂದದ್ದು ಅವಳು ಕೈ ತೋರಿಸಿದಲ್ಲಿಯೇ. ವರ್ಷ ಕಳೆಯುವುದರೊಳಗೆ ಅದರ ಎರಡು ಬದಿಗೂ ಮೆಡಿಕಲ್, ಬೇಕರಿ, ಟೈಲರ್ ಅಂಗಡಿ ಹುಟ್ಟಿಕೊಂಡವು.

ಕೊನೆಯ ಸಲ ನೋಡಿದಾಗ ಅವಳು ಅಂಡರ್‌ಪಾಸಿನ ನೆರಳಲ್ಲಿ ಬುಟ್ಟಿ ಇಳಿಸಿ ಕೂತಿದ್ದಳು. ಮೇಲೆ ಲಾರಿಗಳು ಗುಡುಗುತ್ತಿದ್ದವು.

"ಹೆಣೆ, ಮೂಡ್ ಬದಿಗೆ ಬ್ಯಾಂಕ್ ಬತ್ತಂಬ್ರ್. ಬ್ಯಾಂಕಿನರ್ ಮೀನ್ ತಿಂತ್ರಾ, ಕೇಂಡ್ ಹೇಳ್."

ಹೇಳುತ್ತೇನೆ ಎಂದೆ. ಬ್ಯಾಂಕು ತೆರೆಯುವ ಮೊದಲೇ ಅವಳು ತೀರಿಕೊಂಡಳು. ಈಗ ಸಂಜೆಯಾದರೆ ಮ್ಯಾನೇಜರು ಪ್ಯಾಂಟು ಮೇಲೆತ್ತಿಕೊಂಡು, ಅವಳ ಮಗಳೆದುರು ಕುಕ್ಕರಗಾಲಲ್ಲಿ ಕೂತು, ಬಂಗುಡೆಯ ಕಿವಿರು ಎತ್ತಿ ನೋಡುತ್ತಾರೆ.