ಒಂದು ಗಣಿಗೆ ಇಬ್ಬರು ಡಸ್ಟಿ

ನಮ್ಮ ಡರ್ಹಮ್ ಸೀಮೆಯ ಕಲ್ಲಿದ್ದಲ ಗಣಿಯಲ್ಲಿ ಪಾದ್ರಿ ಇಟ್ಟ ಹೆಸರನ್ನು ಕೇಳುವವರಿಲ್ಲ. ಮಿಲ್ಲರ್ ಮನೆತನದವನು ಯಾರೇ ಬರಲಿ, ಅವನು ಡಸ್ಟಿ. ಧೂಳು ಮೆತ್ತಿದವನು ಎಂದರ್ಥ. ಮಿಲ್ಲರ್ ಅಂದರೆ ಗಿರಣಿಯವನು; ಯಾವ ಕಾಲದಲ್ಲೋ ಆ ಮನೆತನದವರು ಹಿಟ್ಟಿನ ಗಿರಣಿ ನಡೆಸಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡಿದ್ದರಂತೆ. ಮೊಮ್ಮಕ್ಕಳು ಮಸಿಯಲ್ಲಿ ಹೊರಳಿದರೂ ಆ ಹೆಸರು ಬಿಡಲಿಲ್ಲ. ದಂಡಿನಲ್ಲೂ ಹಡಗಿನಲ್ಲೂ ಇದೇ ಕಟ್ಟಳೆ.

ಆಂಬ್ರೋಸ್ ಮಿಲ್ಲರ್ ಮೂವತ್ತೊಂದು ವರ್ಷ ನಮ್ಮ ಗಣಿಯ ಡಸ್ಟಿ. ಕಟ್ಟಿಕೊಂಡ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ೧೯೫೩ರಲ್ಲಿ ಕಾರ್ನ್‌ವಾಲ್ ಕಡೆಯಿಂದ ಸೆತ್ ಮಿಲ್ಲರ್ ಎಂಬ ಮಾತು ಕಮ್ಮಿಯ ಆಳು ನಮ್ಮ ತಂಡ ಸೇರಿದ. ಸಂಜೆ ಪಬ್ಬಿನಲ್ಲಿ ಯಾರೋ ಅವನನ್ನೂ ಡಸ್ಟಿ ಅಂದರು. ಆಂಬ್ರೋಸ್ ಲೋಟ ಕುಕ್ಕಿದ.

"ನಾನು ಬದ್ಕಿರೋ ತಂಕ ಇಲ್ಲಿ ಡಸ್ಟಿ ಒಬ್ನೇ ಕಣ್ರೋ. ಅವನಿಗೆ ಬೇರೆ ಏನಾದ್ರೂ ಇಡಿ."

"ಬೇರೆ ಏನಣ್ಣ ಇಡೋದು? ಅವ್ನೂ ಮಿಲ್ಲರ್ರೇ ಅಲ್ವಾ?" ಎಂದೆ ನಾನು.

"ನಿನ್ ತಲೆ ಇಡು!"

ಅಂದಿನಿಂದ ಆಂಬ್ರೋಸ್ ಎದುರಿಗೆ ಸೆತ್‌ಗೆ ಹೆಸರೇ ಇಲ್ಲದಾಯಿತು. "ಏಯ್" ಅಂದರೆ ಅವನು ತಿರುಗಬೇಕಿತ್ತು. ಆಂಬ್ರೋಸ್‌ನ ಬೆನ್ನ ಹಿಂದೆ ಮಾತ್ರ ಅವನೂ ಡಸ್ಟಿಯೇ.

ಮೂರನೆಯ ವಾರ, ಬೆಳಗಿನ ಪಾಳಿಯಲ್ಲಿ ಸುರಂಗದ ಸೂರು ಕುಸಿಯಿತು. ಕಣ್ಣು ಕಾಣದ ಧೂಳಿನಲ್ಲಿ ತಡವರಿಸುತ್ತ, ಗಣಿಗೆ ಹತ್ತಿಳಿಯುವ ಬಾವಿಯ ಬುಡಕ್ಕೆ ಓಡಿಬಂದೆವು. ಮೇಸ್ತ್ರಿ ರಾಲ್ಫ್ ಹೆಸ್ಲಾಪ್ ಹಾಜರಿಗೆ ಎಂದಿನಂತೆ ಅಡ್ಡಹೆಸರುಗಳನ್ನೇ ಕೂಗಿದ.

"ಡಸ್ಟಿ?"

"ಇದ್ದೀನಿ," ಎಂದ ಆಂಬ್ರೋಸ್, ಕೆಮ್ಮುತ್ತ.

ಎಲ್ಲರೂ ಬಂದರೆಂದು ಮೇಸ್ತ್ರಿ ನಮ್ಮನ್ನು ಮೇಲಕ್ಕೆ ಕಳಿಸಿ, ತಾನೂ ಬಂದ. ಗೇಟಿನಲ್ಲಿ ಹೆಂಗಸರು ಕಾದು ನಿಂತಿದ್ದರು. "ಡಸ್ಟಿ ಬಂದ!" ಎಂದು ಯಾರೋ ಕೂಗಿದ್ದೇ ತಡ, ಸೆತ್‌ನ ಹೆಂಡತಿ ಹಿಲ್ಡಾ ಗಂಡ ಉಳಿದನೆಂದು ಅತ್ತಳು.

ಮೇಲೆ ಬಂದವನು ತನ್ನ ದೀಪವನ್ನು ಗೋಡೆಯ ತನ್ನ ಕೊಕ್ಕೆಗೆ ಸಿಕ್ಕಿಸುವುದು ರೂಢಿ. ದೀಪ ಸಿಕ್ಕಿಸಲು ಹೋದ ಆಂಬ್ರೋಸ್ ಗೋಡೆ ನೋಡುತ್ತ ನಿಂತುಬಿಟ್ಟ. ಎಲ್ಲರ ದೀಪ ಬಂದಿತ್ತು. ಅವನ ಪಕ್ಕದ, ಸೆತ್‌ನ ಕೊಕ್ಕೆ ಮಾತ್ರ ಖಾಲಿ. ಅವನು ಹಿಲ್ಡಾ ಹತ್ತಿರ ಬಂದ.

"ನಿನ್ ಗಂಡ ಎಲ್ಲವ್ವ?"

"ಬಂದ ಅಂದ್ರಲ್ಲ ಅಣ್ಣ?"

"ಬಂದದ್ದು ನಾನು ತಾಯಿ."

ಅವಳ ಮುಖ ನೋಡಲಾರದೆ ಆಂಬ್ರೋಸ್ ಬಾವಿಯ ಕಡೆ ತಿರುಗಿದ. ಹೆಸ್ಲಾಪ್ ಅಡ್ಡ ನಿಂತ. "ಸೂರು ಇನ್ನೂ ಉದುರ್ತಾ ಇದೆ. ಪಾರು ಮಾಡೋ ತಂಡ ಒಂದು ಗಂಟೇಲಿ ಬರುತ್ತೆ."

"ಅಷ್ಟೊತ್ತು ಉಸಿರು ಕಟ್ಕೊಂಡಿರು ಅಂತ ಅವನಿಗೆ ಹೇಳಿಬರ್ತೀಯಾ? ಸರಿ ಆಚೆಗೆ!"

ನಾಲ್ವರು ಇಳಿದೆವು. ತಲೆಯ ಮೇಲೆ ಮರದ ತೊಲೆಗಳು ನರಳುತ್ತಿದ್ದವು. ಕಲ್ಲಿನ ರಾಶಿಗೆ ಬಾಯಿ ಹಚ್ಚಿ ಆಂಬ್ರೋಸ್ ಕೂಗಿದ.

"ಡಸ್ಟಿ! ಲೋ ಡಸ್ಟೀ!"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅವನು ಮತ್ತೆ ಕೂಗಿದ. ಆಚೆಯಿಂದ ಕಬ್ಬಿಣದ ಕೊಳವೆಗೆ ಮೂರು ಸಲ ಬಡಿದ ಸದ್ದು ಬಂತು.

ಕೈಯಲ್ಲೇ ಕಲ್ಲು ಕಿತ್ತೆವು. ಒಂದು ಬಂಡೆ ಆಂಬ್ರೋಸ್‌ನ ಭುಜ ಸವರಿ ಬಿತ್ತು; ಅವನು ತಿರುಗಿ ನೋಡಲಿಲ್ಲ. ಕೊನೆಗೆ ಕಾಲು ಮುರಿದ ಸೆತ್‌ನನ್ನು ಎಳೆದುಕೊಂಡಾಗ ಅವನು ಪಿಸುಗುಟ್ಟಿದ:

"ಕರೆದದ್ದು ನನ್ನನ್ನಾ ಅಣ್ಣ?"

"ಮತ್ಯಾರನ್ನ? ನಾನು ಇಲ್ಲೇ ಇದ್ನಲ್ಲೋ!"

ಚಳಿಗಾಲಕ್ಕೆ ಸೆತ್ ಕುಂಟುತ್ತ ಕೆಲಸಕ್ಕೆ ಬಂದ. ಆಮೇಲೆ ಹಾಜರಿಯಲ್ಲಿ ಹೆಸ್ಲಾಪ್ "ಡಸ್ಟಿ" ಎಂದು ಎರಡು ಸಲ ಕೂಗತೊಡಗಿದ. ಸೆತ್‌ನ ದನಿ ಕಿವಿಗೆ ಬೀಳುವ ತನಕ ಆಂಬ್ರೋಸ್ "ಇದ್ದೀನಿ" ಅನ್ನುತ್ತಿರಲಿಲ್ಲ.